ಹುರುಳಿಗಿಂತ ಹದಿನೆಂಟು ಹೆಜ್ಜೆ ಹಿಂದೆ

ಬೈಕಿನ ಟೈರು ಬದಲಿಸಲು ಬಂದವರ ಮುಖವನ್ನು ನಾನು ಆಮೇಲೆ ನೋಡುತ್ತೇನೆ. ಮೊದಲು ನೋಡುವುದು ಅವರ ಹಳೆಯ ಟೈರನ್ನು. ಎಂಥ ರಸ್ತೆಯಲ್ಲಿ ಓಡಾಡುತ್ತಾರೆ, ಎಷ್ಟು ಧೈರ್ಯದವರು, ಗಾಳಿ ನೋಡಿಕೊಳ್ಳುವ ಅಭ್ಯಾಸ ಇದೆಯೋ ಇಲ್ಲವೋ, ಎಲ್ಲವೂ ಅದರ ಮೈಮೇಲೆ ಬರೆದಿರುತ್ತದೆ. ಆ ಜನವರಿಯ ಒಂದು ಶನಿವಾರ ನಂಜನಗೂಡಿನ ನನ್ನ ಅಂಗಡಿಗೆ ಬಂದ ಮೇಷ್ಟ್ರ ಬೈಕಿನ ಹಿಂದಿನ ಟೈರು ನಟ್ಟನಡುವೆ ಹಲಗೆಯ ಹಾಗೆ ಚಪ್ಪಟೆಯಾಗಿತ್ತು. ಆದರೆ ಎರಡೂ ಭುಜಗಳಲ್ಲಿ, ಅಂದರೆ ಬೈಕು ವಾಲಿದಾಗ ಮಾತ್ರ ನೆಲಕ್ಕೆ ತಾಗುವ ಅಂಚುಗಳಲ್ಲಿ, ಕಾರ್ಖಾನೆಯ ಅಚ್ಚಿನಿಂದ ಬಂದ ರಬ್ಬರಿನ ಸಣ್ಣ ಕೂದಲುಗಳು ಇನ್ನೂ ನೆಟ್ಟಗೆ ನಿಂತಿದ್ದವು.

"ಮೇಷ್ಟ್ರೇ, ನೀವು ಈ ಗಾಡೀನ ಒಂದಿನಾನೂ ಮಲಗ್ಸಿಲ್ಲ," ಎಂದೆ.

ಅವರು ನಕ್ಕರು. "ಭಯ ಕಣ್ರೀ ಸಾವ್ಕಾರ್ರೇ. ತಿರುವು ಬಂದ್ರೆ ಎತ್ತಿನಗಾಡಿ ಥರ ತಿರುಗ್ಸಿ ಬಿಡ್ತೀನಿ."

ಅವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು. ಮನೆ ಟಿ. ನರಸೀಪುರ, ಕೆಲಸ ನಂಜನಗೂಡು. ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಆರುನೂರೈವತ್ತು ಸಿಸಿಯ ಗಾಡಿ ಕೊಂಡಿದ್ದರು. ಎರಡು ವರ್ಷ ಅದನ್ನು ಬಸ್ಸಿನ ಬದಲಿಗೆ ಬಳಸಿದ್ದರು, ಅಷ್ಟೇ. ಈಗ ಬೇಸಿಗೆ ರಜೆಯಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಊಟಿ ಹತ್ತಿ ಕೇರಳದ ಕಡೆ ಇಳಿಯಬೇಕೆಂಬ ಆಸೆ ಬಂದಿತ್ತು. ಅದಕ್ಕೆ ಸ್ಪೋರ್ಟ್ ಟೂರಿಂಗ್ ಟೈರು ಬೇಕು ಅಂದರು.

ಈ ಟೈರುಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ನಡುವೆ ಗಟ್ಟಿ ರಬ್ಬರು, ಬಹಳ ದೂರ ಬಾಳಲಿ ಅಂತ. ಅಂಚಿನಲ್ಲಿ ಮೆದು ರಬ್ಬರು, ತಿರುವಿನಲ್ಲಿ ನೆಲವನ್ನು ಕಚ್ಚಲಿ ಅಂತ. ರೇಸಿನ ಟೈರಿನಷ್ಟು ಬೇಗ ಕರಗುವುದಿಲ್ಲ, ದಿನನಿತ್ಯದ ಟೈರಿನಷ್ಟು ಮೊಂಡೂ ಅಲ್ಲ. ಘಾಟಿ ಹತ್ತಿಳಿದು ಬಂದ ಸವಾರರನ್ನು ನಾನು ಚಹಾ ಕೊಟ್ಟು ಕೂರಿಸಿ ವಿಚಾರಿಸುತ್ತೇನೆ. ಒಬ್ಬರು ಮಳೆಯಲ್ಲಿ ಬಂಗಾರ ಅನ್ನುತ್ತಾರೆ. ಇನ್ನೊಬ್ಬರು ಅದೇ ಟೈರನ್ನು, ಬೆಳಗಿನ ಚಳಿಯಲ್ಲಿ ಬಿಸಿಯಾಗುವ ತನಕ ನಂಬಬೇಡಿ ಅನ್ನುತ್ತಾರೆ. ಮೂರನೆಯವರು ಹೆದ್ದಾರಿಯಲ್ಲೇ ಓಡಿಸಿ ನಡು ಚಪ್ಪಟೆ ಮಾಡಿಕೊಂಡು ಬಂದು ಕಂಪನಿಯನ್ನು ಬೈಯುತ್ತಾರೆ. ಮೂವರದ್ದೂ ನಿಜ. ಟೈರು ಓಡಿಸುವವನ ಹಾಗೆ ಆಗುತ್ತದೆ. ಈ ಮಾತನ್ನು ನಾನು ಎಷ್ಟೋ ಜನಕ್ಕೆ ಉಪದೇಶದ ಹಾಗೆ ಹೇಳಿದ್ದೇನೆ. ಅವತ್ತು ಮೇಷ್ಟ್ರಿಗೆ ಮಾತ್ರ ಬೇರೆ ಮಾತು ಹೇಳಿದೆ.

ಹೇಳಿದ್ದು ವ್ಯಾಪಾರದ ಉಮೇದಿನಲ್ಲಿ. ಅವರು ಬೆಲೆಯ ಮೇಲೆ ಎಳೆದಾಡುತ್ತಿದ್ದರು, ನಾನು ಬಗ್ಗಲಿಲ್ಲ. ಬೆಲೆ ಇಳಿಸಲು ಮನಸ್ಸಿಲ್ಲದಾಗ ಮಾಲಿನ ಗುಣ ಏರಿಸಬೇಕು, ಅದು ನನ್ನ ಪದ್ಧತಿ. "ಸಾ, ಈ ಟೈರು ಹಾಕ್ಸಿದ್ಮೇಲೆ ಭಯ ಅನ್ನೋದನ್ನ ಇಲ್ಲೇ ಬಿಟ್ಟೋಗಿ. ಮಲಗ್ಸಿ ಓಡ್ಸಿ. ಅಂಟ್ಕೊಂಡೋಯ್ತದೆ," ಎಂದೆ. ಅವರ ಕಣ್ಣು ಅರಳಿತು. ಎಳೆದಾಟ ಅಲ್ಲಿಗೆ ನಿಂತಿತು.

ಮಾಲು ಒಳ್ಳೆಯದೇ. ಅದರಲ್ಲಿ ನನ್ನ ತಪ್ಪಿಲ್ಲ. ಮೈಸೂರಿನ ಸಗಟು ವ್ಯಾಪಾರಿ ಮೊದಲು ಒಂದು ಹಳೆಯ ಜೊತೆಯನ್ನು ದಾಟಿಸಲು ನೋಡಿದ್ದ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. ಮೊದಲ ಎರಡು ಯಾವ ವಾರ, ಕೊನೆಯ ಎರಡು ಯಾವ ವರ್ಷ. ನೀವೂ ನೋಡಿಯೇ ಕೊಳ್ಳಿ, ಅಂಗಡಿಯವನು ಮುಖ ಸಿಂಡರಿಸಿದರೂ ನೋಡಿ. ನಾನು ಗೋದಾಮಿನೊಳಗೆ ಹೋಗಿ, ಅಟ್ಟ ಹತ್ತಿ, ಎರಡು ತಿಂಗಳ ಹಿಂದಷ್ಟೇ ತಯಾರಾದ ಜೊತೆಯನ್ನು ಕೆಳಗಿಳಿಸಿಕೊಂಡು ಬಂದಿದ್ದೆ.

ಫಿಟ್ಟಿಂಗನ್ನೂ ಮೈಮರೆತು ಮಾಡಲಿಲ್ಲ. ಚಕ್ರ ಬಿಚ್ಚಿದೆ. ಟೈರಿನ ಅಂಚು ರಿಮ್ಮನ್ನು ಬಿಡುವ ಹಾಗೆ ಒತ್ತುವ ಯಂತ್ರಕ್ಕೆ ಕೊಟ್ಟೆ. ರಿಮ್ಮಿಗೆ ಗೀರು ಬೀಳದ ಹಾಗೆ ಪ್ಲಾಸ್ಟಿಕ್ ಕವಚ ಇಟ್ಟು ಹಳೆಯದನ್ನು ಎಳೆದೆ. ಒಳಗಿನ ಕಿಲುಬು ಉಜ್ಜಿದೆ, ಗಾಳಿ ತುಂಬುವ ವಾಲ್ವ್ ಹೊಸದು ಹಾಕಿದೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿಗೆ ಬಾಣದ ಗುರುತಿರುತ್ತದೆ, ಅದನ್ನು ಎರಡು ಸಲ ನೋಡಿದೆ. ಸೋಪು ನೀರು ಸವರಿ ಗಾಳಿ ಬಿಟ್ಟಾಗ ಎರಡೂ ಕಡೆ ಠಪ್ ಠಪ್ ಎಂದು ಅಂಚು ಕೂತಿತು. ತಕ್ಕಡಿ ಮೇಲೆ ತಿರುಗಿಸಿ ಸೀಸದ ಬಿಲ್ಲೆ ಅಂಟಿಸಿ ಸಮ ಮಾಡಿದೆ. ಮುಂದೆ ಮೂವತ್ತೆರಡು, ಹಿಂದೆ ಮೂವತ್ತಾರು ಗಾಳಿ. ಅಚ್ಚಿನ ನಟ್ಟನ್ನು ಅಳತೆಯ ಸ್ಪ್ಯಾನರಿನಲ್ಲೇ ಬಿಗಿದೆ. ಒಂದೂವರೆ ಗಂಟೆ ಹಿಡಿಯಿತು.

ಆಗ ಮೇಷ್ಟ್ರು ಹೇಳಿದರು, ಮನೆಗೆ ಹೋಗುವ ಮೊದಲು ಗಾಡಿಯನ್ನು ನಂಜುಂಡೇಶ್ವರನ ಗುಡಿ ಮುಂದೆ ನಿಲ್ಲಿಸಿ ಪೂಜೆ ಮಾಡಿಸುತ್ತೇನೆ ಅಂತ. ನಮ್ಮ ಊರಲ್ಲಿ ಇದು ಹೊಸದಲ್ಲ. ಹೊಸ ಗಾಡಿ ಬಂದರೂ ಅಷ್ಟೇ, ಹೊಸ ಟೈರು ಬಂದರೂ ಅಷ್ಟೇ. ಪೂಜೆಗೆ ಹೋಗುವ ಗಾಡಿಯನ್ನು ಬೂದು ಟೈರಿನಲ್ಲಿ ಕಳಿಸಿದರೆ ಮದುವೆ ಗಂಡನ್ನು ಬರಿಗಾಲಲ್ಲಿ ಕಳಿಸಿದ ಹಾಗೆ. ಹಿಂದೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ಕೆಲವರು ಡೀಸೆಲ್. ನಾನು ಪಾಲಿಷ್ ಇಟ್ಟಿದ್ದೇನೆ, ಐದು ಲೀಟರಿನ ಕ್ಯಾನು. ಬಟ್ಟೆಗೆ ಸುರಿದುಕೊಂಡು ಎರಡೂ ಟೈರನ್ನು ಪಕ್ಕ, ಭುಜ, ನಡು ಅನ್ನದೆ ಪೂರ್ತಿ ಉಜ್ಜಿದೆ. ಆ ಕೆಲಸಕ್ಕೆ ಯಾರೂ ನನಗೆ ಹೇಳಿರಲಿಲ್ಲ. ಸ್ಕೂಟರಿಗೂ ಮೊಪೆಡ್ಡಿಗೂ ವರ್ಷಗಟ್ಟಲೆ ಹಚ್ಚಿದ ಕೈ, ತಾನಾಗಿ ಹೋಯಿತು. ಟೈರುಗಳು ನೇರಳೆ ಹಣ್ಣಿನ ಹಾಗೆ ಮಿಂಚಿದವು.

ಹೊರಡುವಾಗ, ಮೊದಲ ನೂರು ಕಿಲೋಮೀಟರು ನಿಧಾನ ಹೋಗಿ ಅಂತಲೂ ಅಂದೆ. ಹೊಸ ಟೈರಿನ ಮೇಲೆ ಅಚ್ಚಿನ ಜಾರುಪದರ ಇರುತ್ತದೆ, ಅದು ಸವೆಯಬೇಕು. ಎಲ್ಲರಿಗೂ ಹೇಳುವ ಮಾತು. ಮಲಗಿಸಿ ಓಡಿಸಿ ಅಂದದ್ದು ಎದೆ ತುಂಬಿ. ನಿಧಾನ ಅಂದದ್ದು ಬೆನ್ನಿಗೆ. ಯಾವುದು ಅವರ ಕಿವಿಯಲ್ಲಿ ಉಳಿಯಿತು ಎಂದು ನಾನು ಹೇಳಬೇಕಾಗಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಬಂತು. ಮಾತಾಡಿದವರು ಮೇಷ್ಟ್ರ ಭಾಮೈದ, ಟಿ. ನರಸೀಪುರದಲ್ಲಿ ವಕೀಲರೊಬ್ಬರ ಗುಮಾಸ್ತ. ಹದಿನಾರು ಅನ್ನುವ ಊರಿನ ಆಸುಪಾಸು ಒಂದು ಎಡತಿರುವಿನಲ್ಲಿ ಬಿದ್ದಿದ್ದಾರೆ, ರಸ್ತೆ ಮೇಲೆ ಹುರುಳಿ ಹರಡಿದ್ದರಂತೆ, ಹೆಗಲ ಮೂಳೆ ಮುರಿದಿದೆ ಅಂದರು.

ಆ ತಿಂಗಳಲ್ಲಿ ನಮ್ಮ ಕಡೆ ಡಾಂಬರು ರಸ್ತೆಗಳೇ ಕಣ. ಬೆಳಿಗ್ಗೆ ಹುರುಳಿ ಗಿಡ ಹಾಸಿಬಿಟ್ಟರೆ ಬಸ್ಸು, ಲಾರಿ ಓಡಾಡಿ ಸಂಜೆಯೊಳಗೆ ಕಾಳು ಉದುರಿಸಿಕೊಡುತ್ತವೆ. ಅದರ ಮೇಲೆ ಬೈಕು ಹತ್ತಿಸುವುದು ಗೋಲಿಗಳ ಮೇಲೆ ಹತ್ತಿಸಿದ ಹಾಗೆ. ಹರಡುವವರನ್ನು ನಾನೇ ಎಷ್ಟೋ ಸಲ ಗಾಡಿ ನಿಲ್ಲಿಸಿ ಬೈದಿದ್ದೇನೆ, ಇವತ್ತಿಗೂ ಬೈಯುತ್ತೇನೆ. ಹಾಗಾಗಿ ಹುರುಳಿ ಅಂದೊಡನೆ ನನಗೆ ಒಳಗೊಳಗೇ ಸಮಾಧಾನವಾಯಿತು. ಬರೆಯಲು ನಾಚಿಕೆ, ಆದರೂ ಆದದ್ದು ಅದೇ.

ಆಸ್ಪತ್ರೆಗೆ ಹೋದೆ. ಮೇಷ್ಟ್ರು ಕೈಯನ್ನು ಎದೆಗೆ ಕಟ್ಟಿಸಿಕೊಂಡು ಮಲಗಿದ್ದರು. ನೋವಿನ ಔಷಧದ ಮಂಪರು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು.

"ನೀವು ಹೇಳಿದ್ರಲ್ಲ ಸಾವ್ಕಾರ್ರೇ, ಅದಕ್ಕೆ ಒಂಚೂರು ಮಲಗ್ಸ್ದೆ. ಮೊದಲನೇ ಸಲ. ಮಲಗಿದ್ದು ಏಳಲೇ ಇಲ್ಲ."

ಪಕ್ಕದಲ್ಲಿದ್ದ ಭಾಮೈದ, ಹುರುಳಿ ಮೇಲೆ ಯಾರು ಮಲಗಿಸಿದರೂ ಅಷ್ಟೇ ಬಿಡಿ ಭಾವ, ಅಂದರು. ನಾನೂ ಹೌದು ಅಂದೆ.

ಸೋಮವಾರ ಸ್ಟೇಷನ್ನಿಗೆ ಬರಬೇಕೆಂದು ಕರೆ ಬಂತು. ಹುರುಳಿ ಹರಡಿದವರ ಮೇಲೆ ಭಾಮೈದ ದೂರು ಕೊಟ್ಟಿದ್ದರು. ಟೈರು ಅದೇ ದಿನ ಹಾಕಿದ್ದರಿಂದ ಹಾಕಿದವನ ಒಂದು ಮಾತು ಬೇಕಂತೆ. ದಫೇದಾರರು ವಯಸ್ಸಾದ ಮನುಷ್ಯ, ಮರ್ಯಾದಸ್ಥರು. ಹಿತ್ತಲಿನ ಬೇವಿನ ಮರದ ಕೆಳಗೆ ಬೈಕು ನಿಂತಿತ್ತು. ಎಡಗಡೆಯ ಕಾಲಿಡುವ ಗೂಟ ಅರ್ಧ ಸವೆದಿತ್ತು, ಹ್ಯಾಂಡಲ್ ತುದಿ ಕೆತ್ತಿ ಹೋಗಿತ್ತು. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡಿತ್ತು.

ನಾನು ಕುಕ್ಕರಗಾಲಿನಲ್ಲಿ ಕೂತು ಹಿಂದಿನ ಟೈರು ನೋಡಿದೆ. ನಡು ಭಾಗ ಬೂದಾಗಿ ಒರಟಾಗಿತ್ತು. ನಂಜನಗೂಡಿನಿಂದ ಅಲ್ಲಿಯವರೆಗೆ ನೇರ ಓಡಿದ್ದಕ್ಕೆ ಪಾಲಿಷೂ ಹೋಗಿತ್ತು, ಜಾರುಪದರವೂ ಹೋಗಿತ್ತು. ಎಡ ಭುಜ ಮಾತ್ರ ಮಿಂಚುತ್ತಿತ್ತು. ಹೆಬ್ಬೆರಳಿನಿಂದ ಒರೆಸಿದೆ. ಬೆರಳಿಗೆ ಕರಿ ಜಿಡ್ಡು ಬಂತು, ಜಿಡ್ಡಿನಲ್ಲಿ ಧೂಳು. ಅದನ್ನು ನನ್ನ ಪ್ಯಾಂಟಿಗೆ ಒರೆಸಿಕೊಂಡೆ. ಯಾರೂ ನೋಡಲಿಲ್ಲ.

"ಏನ್ ಸಾ, ಟೈರಲ್ಲಿ ದೋಷ ಏನಾರ ಅದಾ?" ದಫೇದಾರರು ಕೇಳಿದರು.

"ಟೈರಲ್ಲಿ ಏನೂ ದೋಷ ಇಲ್ಲ," ಎಂದೆ.

ಸುಳ್ಳಲ್ಲ. ಟೈರಿನಲ್ಲಿ ದೋಷವಿರಲಿಲ್ಲ. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ. ಯಾವ ಮಾತನ್ನು ಎಷ್ಟರ ಮಟ್ಟಿಗೆ ಹೇಳಿ ನಿಲ್ಲಿಸಬೇಕು ಎಂಬುದು ವ್ಯಾಪಾರದಲ್ಲಿ ಕಲಿತ ವಿದ್ಯೆ. ಆ ವಿದ್ಯೆ ಅವತ್ತು ನಾನು ಕೇಳದೆಯೇ ಕೆಲಸಕ್ಕೆ ಬಂತು.

ಹೊರಗೆ ಬಂದಾಗ ಜಗಲಿಯ ತುದಿಯಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಕೂತಿದ್ದರು. ಪಕ್ಕದಲ್ಲಿ ಒಂದು ಗೋಣಿಚೀಲ. ಅವರು ರಸ್ತೆಗೆ ಹರಡಿದ್ದ ಹುರುಳಿಯನ್ನು ಬಳಿಸಿ, ಸಾಕ್ಷಿಗೆ ಅಂತ ಪೊಲೀಸರು ಅವರಿಂದಲೇ ಹೊರಿಸಿಕೊಂಡು ಬಂದಿದ್ದರು. ನಾನು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಆಕೆ ಎದ್ದು ನಿಂತರು. ನನ್ನನ್ನು ಮೇಷ್ಟ್ರ ಮನೆಯವರು ಅಂದುಕೊಂಡರೋ ಏನೋ.

"ಸಾ, ಆ ಮೇಷ್ಟ್ರು ಉಸಾರಾಗವ್ರಾ?"

ಹುಷಾರಾಗಿದ್ದಾರೆ ಅಂದು ಹೊರಟುಬಿಟ್ಟೆ.

ಆಮೇಲೆ ಒಂದು ವಾರ ನಾನು ಅಂಗಡಿಯಲ್ಲಿ ಆ ಕ್ಯಾನನ್ನು ನೋಡದ ಹಾಗೆ ಓಡಾಡಿದೆ. ಕೊನೆಗೆ ತಡೆಯಲಾಗಲಿಲ್ಲ. ಒಂದು ಹಳೆಯ ಟೈರಿನ ಭುಜದಿಂದ ಅಂಗೈ ಅಗಲದ ಎರಡು ತುಂಡು ಕತ್ತರಿಸಿದೆ. ಒಂದಕ್ಕೆ ಪಾಲಿಷ್ ಹಚ್ಚಿ ಒಣಗಿಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಎರಡರ ಮೇಲೂ ಸರದಿಯಂತೆ ಒಂದೇ ಕಬ್ಬಿಣದ ತುಂಡು ಹೇರಿ, ಅಂಗಡಿ ಮುಂದಿನ ಡಾಂಬರಿನ ಮೇಲೆ ಕೊಕ್ಕೆ ತಕ್ಕಡಿಯಿಂದ ಎಳೆದೆ. ಸಾದಾ ತುಂಡು ಕದಲಬೇಕಾದರೆ ಮುಳ್ಳು ಒಂಬತ್ತರ ಹತ್ತಿರ ಹೋಗುತ್ತಿತ್ತು. ಪಾಲಿಷಿನದು ಐದಕ್ಕೇ ಸರ್ರನೆ ಬಂತು. ಐದಾರು ಸಲ ಎಳೆದೆ. ಒಂದು ಸಲವಾದರೂ ಮುಳ್ಳು ನನ್ನ ಕಡೆ ಆಗಲಿ ಎಂದು ಎಳೆದೆ ಅನ್ನುವುದೇ ಸರಿ.

ಇಷ್ಟು ವರ್ಷ ಯಾಕೆ ಯಾರೂ ಬೀಳಲಿಲ್ಲ? ಸ್ಕೂಟರು ಅಷ್ಟು ವಾಲುವುದಿಲ್ಲ. ಮೊಪೆಡ್ಡಿನವನು ಸಂತೆಗೆ ಹೋಗಿ ಬರುವುದರೊಳಗೆ ನಡುವಿನ ಪಾಲಿಷ್ ಸವೆದು ಹೋಗುತ್ತದೆ, ಭುಜ ನೆಲಕ್ಕೆ ತಾಗುವುದೇ ಇಲ್ಲ. ಅದೂ ಅಲ್ಲದೆ ಮೇಷ್ಟ್ರು ಚಪ್ಪಟೆ ಟೈರಿಗೆ ಒಗ್ಗಿಹೋಗಿದ್ದವರು; ಗುಂಡು ಮೈಯ ಹೊಸ ಟೈರು ಅವರು ಎಣಿಸಿದ್ದಕ್ಕಿಂತ ಸಲೀಸಾಗಿ ವಾಲಿರುತ್ತದೆ. ಜೀವನದಲ್ಲಿ ಮೊದಲ ಸಲ ಭುಜದ ಮೇಲೆ ಬಂದರು. ಅಲ್ಲಿ ನನ್ನ ಪಾಲಿಷ್ ಕಾದಿತ್ತು.

ಆದರೂ ಹುರುಳಿ ಇತ್ತಲ್ಲ ಎಂದು ಮನಸ್ಸು ಚೌಕಾಸಿ ಮಾಡುತ್ತಲೇ ಇತ್ತು. ಎರಡರಲ್ಲಿ ಯಾವುದು ಮೊದಲು ಎಂದು ತಿಳಿಯಲು ಒಂದೇ ದಾರಿ. ಭಾನುವಾರ ಬೆಳಿಗ್ಗೆ ಆ ತಿರುವಿಗೆ ಹೋದೆ. ಹುರುಳಿ ಎತ್ತಿದ್ದರೂ ಹಾಸಿದ್ದ ಜಾಗ ಗೊತ್ತಾಗುತ್ತಿತ್ತು. ಹೊಟ್ಟು ಡಾಂಬರಿನ ಸಂದಿಗೆ ಇಳಿದಿತ್ತು, ತುದಿಗೆ ಗುರುತಿಗೆಂದು ಇಟ್ಟ ಕಲ್ಲುಗಳು ರಸ್ತೆ ಅಂಚಿನಲ್ಲಿ ಹಾಗೇ ಇದ್ದವು. ಕಾಲಿನ ಗೂಟ ಉಜ್ಜಿದ ಬಿಳಿ ಗೀರು ಕೂಡ ಇನ್ನೂ ಇತ್ತು. ಗೀರು ಶುರುವಾದ ಕಡೆ ನಿಂತೆ. ಅಲ್ಲಿಂದ ಮೊದಲ ಕಲ್ಲಿನವರೆಗೆ ಹೆಜ್ಜೆ ಹಾಕಿದೆ. ಹದಿನೆಂಟು.

ಹಿಂದಕ್ಕೆ ಬಂದು ಮತ್ತೆ ಎಣಿಸಿದೆ. ಹದಿನೆಂಟೇ. ಹುರುಳಿ ಮುಟ್ಟುವುದಕ್ಕೆ ಹದಿನೆಂಟು ಹೆಜ್ಜೆ ಮುಂಚೆಯೇ ಬೈಕು ಮಲಗಿ ಉಜ್ಜಿಕೊಂಡು ಹೋಗಿತ್ತು. ಬಳ್ಳಿ ಚೈನಿಗೆ ಸುತ್ತಿಕೊಂಡದ್ದು ಬಿದ್ದ ಮೇಲೆ. ಇನ್ನು ನಿಜ ಹೇಳುವುದೊಂದೇ ಬಾಕಿ ಎಂದು ಅಲ್ಲೇ ತೀರ್ಮಾನಿಸಿದೆ. ಹೇಳಿದರೆ ಸರಿಹೋಗುತ್ತದೆ ಎಂದೂ ನಂಬಿದ್ದೆ. ಬೇಡದ ಮಾಲನ್ನು ಬೇಕು ಅನ್ನಿಸಿ ಕೊಟ್ಟವನು ನಾನು, ಇದ್ದದ್ದನ್ನು ಇದ್ದ ಹಾಗೆ ಕೊಡುವುದೇನು ಮಹಾ ಅನ್ನಿಸಿತು.

ಅಲ್ಲಿಂದ ನೇರ ಟಿ. ನರಸೀಪುರಕ್ಕೆ ಮೇಷ್ಟ್ರ ಮನೆಗೆ ಹೋದೆ. ಕಾಫಿ ಬಂತು. ಪಾಲಿಷ್, ತಕ್ಕಡಿ, ಹೆಜ್ಜೆ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಲೆಕ್ಕದ ಮೇಷ್ಟ್ರಲ್ಲವೇ, ಹದಿನೆಂಟು ಅಂದರೆ ಸಾಕು, ಉಳಿದದ್ದು ಅವರೇ ಬಿಡಿಸಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಇಲ್ಲ ಸಾವ್ಕಾರ್ರೇ," ಎಂದರು ಆಮೇಲೆ. "ನನಗೆ ಚೆನ್ನಾಗಿ ನೆನಪಿದೆ. ಹುರುಳಿ ಕಂಡಿತು, ಬ್ರೇಕ್ ಹಿಡಿದೆ, ಚಕ್ರದ ಅಡೀಲಿ ಕಾಳು ಗರಗರ ಅಂತು. ಇವತ್ತೂ ನಿದ್ದೇಲಿ ಆ ಸದ್ದು ಕೇಳುತ್ತೆ."

"ಆಸ್ಪತ್ರೇಲಿ ನೀವು ಬೇರೆ ಹೇಳಿದ್ರಿ ಸಾ. ಮಲಗ್ಸ್ದೆ, ಏಳಲಿಲ್ಲ ಅಂದ್ರಿ."

"ಅಂದ್ನಾ? ಔಷಧದ ಗುಂಗಲ್ಲಿ ಏನಂದ್ನೋ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಬಂದವರೆಲ್ಲ ಹುರುಳಿ ಹುರುಳಿ ಅಂದು ಹೋಗಿದ್ದರು. ಅದು ಅವರ ತಲೆಯೊಳಗೆ ಹೋಗಿ ಕೂತು ನಿಜವೇ ಆಗಿಬಿಟ್ಟಿತ್ತು. ಭಾಮೈದ ನನ್ನನ್ನು ಬಾಗಿಲವರೆಗೆ ಕಳಿಸಿಕೊಡುತ್ತ, ಅಣ್ಣ, ಒಳ್ಳೇತನಕ್ಕೂ ಒಂದು ಮಿತಿ ಇರಬೇಕು, ಸುಮ್ಮನೆ ಯಾಕೆ ಮೈಮೇಲೆ ಎಳಕೊಳ್ತೀರಿ, ವಿಮೆಯವರ ಮುಂದೆ ಈ ಮಾತೆಲ್ಲ ತೆಗೀಬೇಡಿ ಎಂದರು. ಮರುದಿನ ಸ್ಟೇಷನ್ನಿಗೆ ಹೋದೆ. ದಫೇದಾರರು ಕನ್ನಡಕ ತೆಗೆದು ಪೂರ್ತಿ ಕೇಳಿದರು. ಅವರೊಬ್ಬರು ನನ್ನನ್ನು ನಂಬಿದರು ಎಂದು ಈಗಲೂ ನನಗೆ ಅನ್ನಿಸುತ್ತದೆ. ನಂಬಿಯೂ ಹೇಳಿದ್ದು ಇಷ್ಟೇ:

"ಅವತ್ತೇ ಏಳ್ಬೇಕಾಗಿತ್ತು ನೀವು. ಆಯಮ್ಮ ತಪ್ಪಾಯ್ತು ಅಂತ ಎಬ್ಬೆಟ್ಟು ಒತ್ತಾಯ್ತು, ಮೇಷ್ಟ್ರು ಕಡೆಯವ್ರು ರಾಜಿ ಆಯ್ತು ಅಂತ ಬರ್ಕೊಟ್ಟಾಯ್ತು. ಈಗ ಯಾವ್ದನ್ನ ತೆಗ್ದು ಯಾವ್ದನ್ನ ಬರೀಲಿ?"

ನನ್ನ ಮೇಲೆ ಬರೆದುಕೊಳ್ಳಿ ಅಂದೆ. ಏನಂತ ಬರೆಯಲಿ, ಟೈರು ಮಿಂಚಿಸಿದ ಅಂತಲೋ, ಎಂದು ಅವರು ಕೇಳಿದರು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಅವರಿಗೆ ಬರೆಯಲು ಜಾಗವಿರಲಿಲ್ಲ.

ರಾಜಿಯಾಗಿದ್ದರೆ ಆಕೆಗೆ ತೊಂದರೆ ತಪ್ಪಿತಲ್ಲ ಎಂದು ಯಾರಾದರೂ ಕೇಳಬಹುದು. ನಾನೂ ಹಾಗೆ ಹೇಳಿಕೊಂಡು ಎರಡು ದಿನ ಕಳೆದೆ. ಮೂರನೆಯ ದಿನ ಆಕೆಯ ಊರಿಗೆ ಹೋದಾಗ ಪಂಚಾಯ್ತಿಯ ಕಸದ ಆಟೋಕ್ಕೆ ಮೈಕು ಕಟ್ಟಿ ಸಾರುತ್ತಿದ್ದರು, ರಸ್ತೆ ಮೇಲೆ ಯಾವುದೇ ಫಸಲು ಹರಡಿದರೆ ದಂಡ ಎಂದು. ನಿಯಮ ಸರಿಯಾದದ್ದೇ. ಎಂದೋ ಬರಬೇಕಾಗಿತ್ತು. ಆದರೆ ಬಂದದ್ದು ಈಕೆಯಿಂದ ಎಂದು ಊರು ತೀರ್ಮಾನ ಮಾಡಿತ್ತು. ಹುರುಳಿ ಕಿತ್ತು, ರಾಗಿ ಕೊಯ್ದು ರಾಶಿ ಹಾಕಿಕೊಂಡಿದ್ದವರೆಲ್ಲ ಬಾಡಿಗೆ ಟ್ರ್ಯಾಕ್ಟರಿಗೆ ಅಲೆಯುತ್ತಿದ್ದರು. ಊರಲ್ಲಿ ಉಳಿದದ್ದು ಒಂದೇ ಹಳೆಯ ಕಣ, ಅದಕ್ಕೆ ಸರದಿ. ಆಕೆಯ ಸರದಿಯನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಚಹಾ ಅಂಗಡಿಯ ಮುಂದೆ ಏಳೆಂಟು ಜನ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಮೇಷ್ಟ್ರು ಬಿದ್ದದ್ದು ಹುರುಳಿಯಿಂದ ಅಲ್ಲ, ನಾನು ಟೈರಿಗೆ ಪಾಲಿಷ್ ಹಚ್ಚಿದ್ದರಿಂದ ಅಂದೆ. ಗೀರು, ಕಲ್ಲು, ಹದಿನೆಂಟು ಹೆಜ್ಜೆ ಎಲ್ಲ ಹೇಳಿ, ಬೇಕಾದರೆ ಬನ್ನಿ, ತೋರಿಸುತ್ತೇನೆ ಎಂದೆ. ಒಬ್ಬ ಲೋಟ ಕೆಳಗಿಟ್ಟ.

"ಅಲ್ಲ ಸಾ, ಟೈರ್ಗೆ ಎಣ್ಣೆ ಅಚ್ಚುದ್ರೆ ಬೀಳಂಗಿದ್ರೆ ಆಯುಧಪೂಜೆ ದಿನ ನಮ್ಮೂರ್ನಾಗೆ ಒಬ್ರಾದ್ರೂ ನಿಂತಿರ್ತಿದ್ರಾ?"

ಎಲ್ಲರೂ ನಕ್ಕರು. ಇನ್ನೊಬ್ಬ, ಆಯಮ್ಮ ನಿಮಗೆ ದೂರದ ನೆಂಟಸ್ತಿಕೆಯಾ ಎಂದು ಕೇಳಿದ. ಮತ್ತೊಬ್ಬ ತನ್ನ ಮೊಪೆಡ್ಡಿನ ಟೈರು ತೋರಿಸಿ, ಇದಕ್ಕೆ ಎಷ್ಟು ಆಯಸ್ಸು ಇದೆ ನೋಡಿ ಹೇಳಿ ಸಾ ಅಂದ. ನೋಡಿದೆ. ಬದಲಿಸಬೇಕು ಅಂದೆ. ನಾನು ಜೀವನದಲ್ಲಿ ಎಷ್ಟೋ ಜನರೆದುರು ಎಷ್ಟೋ ಮಾತು ಗೆದ್ದಿದ್ದೇನೆ. ಕೊಳ್ಳುವವನಿಗೆ ಬೇಡ ಅನ್ನಲು ಕಾರಣವಿರುತ್ತದೆ, ಆ ಕಾರಣ ಹುಡುಕಿ ಕೀಳಬಹುದು. ಇಲ್ಲಿ ಕೀಳಲು ಏನೂ ಇರಲಿಲ್ಲ. ಪೂಜೆಯ ದಿನ ತಮ್ಮ ಕೈಯಾರೆ ಟೈರಿಗೆ ಎಣ್ಣೆ ಹಚ್ಚುವ ಜನ, ಅದೇ ತಪ್ಪು ಅಂದರೆ ಹೇಗೆ ಒಪ್ಪಿಯಾರು?

ಆಕೆಯ ಮನೆ ಬೀದಿಯ ಕೊನೆಗೆ. ಗಂಡ ಕೂಲಿಗೆ ಹೋಗಿದ್ದ. ಆಕೆ ಅಂಗಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು, ಒಂದು ಬಡಿಗೆಯಿಂದ ಒಬ್ಬರೇ ಹುರುಳಿ ಬಡಿಯುತ್ತಿದ್ದರು. ಬಸ್ಸೊಂದು ಹಾದುಹೋದರೆ ಆಗಿಬಿಡುವಷ್ಟನ್ನು ಬಡಿಯಲು ಅರ್ಧ ದಿನ ಬೇಕು. ತೋಳಿಗೆ ಬಟ್ಟೆ ಸುತ್ತಿಕೊಂಡಿದ್ದರು. ನಾನು ಬಂದದ್ದು ನೋಡಿ ಬಡಿಗೆ ಇಟ್ಟು ಎದ್ದರು, ಮತ್ತೇನಾದರೂ ಕಾಗದ ಬಂತೇನೋ ಎಂಬ ಮುಖ.

"ಅಕ್ಕ, ಕೂತ್ಕಳಿ," ಎಂದೆ. ನಾನೂ ಜಗಲಿಯ ಮೇಲೆ ಕೂತೆ. ಈ ಸಲ ತಕ್ಕಡಿಯ ಮಾತು ತೆಗೆಯಲಿಲ್ಲ. ಮೇಷ್ಟ್ರಿಗೆ ಮಲಗಿಸಿ ಓಡಿಸಿ ಅಂದವನು ನಾನು, ಜಾರುವ ಹಾಗೆ ಟೈರು ಉಜ್ಜಿದವನೂ ನಾನು, ಸ್ಟೇಷನ್ನಿನಲ್ಲಿ ಬೆರಳಿಗೆ ಬಂದ ಜಿಡ್ಡನ್ನು ಬಟ್ಟೆಗೆ ಒರೆಸಿಕೊಂಡು ಸುಮ್ಮನಾದವನೂ ನಾನೇ ಎಂದು ಹೇಳಿದೆ. ನಿಮ್ಮ ಹುರುಳಿ ಮುಟ್ಟುವ ಮೊದಲೇ ಗಾಡಿ ಬಿದ್ದಿತ್ತು ಅಂದೆ.

ಆಕೆ ನನ್ನನ್ನೇ ನೋಡುತ್ತಿದ್ದರು. ಕಣ್ಣು ತುಂಬಿಕೊಂಡಿತು. ಅಷ್ಟರಲ್ಲಿ ನನಗೆ ಹಗುರಾಗತೊಡಗಿತ್ತು, ಒಬ್ಬರಿಗಾದರೂ ತಲುಪಿತು ಎಂದು.

"ನಿಮ್ಗೆ ಒಳ್ಳೇದಾಗ್ಲಿ ಕಣಣ್ಣ," ಎಂದರು. "ನನ್ ಮುಖ ನೋಡಿ ಪಾಪ ಅನ್ನುಸ್ತು, ಅದ್ಕೆ ನೀವು ಇಂಗೇಳ್ತಿದೀರಿ. ಈ ಊರ್ನಾಗೆ ಒಬ್ರೂ ಇಂಗನ್ಲಿಲ್ಲ."

"ಇಲ್ಲ ಅಕ್ಕ, ಪಾಪ ಅಂತ ಅಲ್ಲ. ನಿಜವಾಗ್ಲೂ ಅದೇ ಆಗಿದ್ದು."

"ಬುಡಿ. ಆ ಮೇಷ್ಟ್ರು ಬಿದ್ದು ಒರಳಾಡ್ತಿದ್ದುದ್ದು ನನ್ ಉಳ್ಳಿ ಮ್ಯಾಲೆ. ನನ್ ಕಣ್ಣಾರೆ ನೋಡಿವ್ನಿ. ಇನ್ ಯಾರ್ ಏನಂದ್ರೂ ಅದು ಓಯ್ತದಾ?"

ಮತ್ತೆ ಹೇಳಿದೆ. ಇನ್ನೊಂದು ಬಗೆಯಲ್ಲಿ ಹೇಳಿದೆ. ನಾನು ಒತ್ತಿ ಹೇಳಿದಷ್ಟೂ ಆಕೆಯ ಕಣ್ಣಲ್ಲಿ ನಾನು ದೊಡ್ಡವನಾಗುತ್ತ ಹೋದೆ. ಎದ್ದು ಹೊರಟೆ. ತಡೀರಿ ಎಂದು ಒಳಗೆ ಹೋದವರು ಸೇರು ತಂದರು. ಬೇಡ ಅಂದೆ, ಖಂಡಿತ ಬೇಡ ಅಂದೆ. ಬರಿಗೈಲಿ ಕಳಿಸಿದರೆ ತಮಗೆ ನೆಮ್ಮದಿಯಿಲ್ಲ ಎಂದು ಅವರು ದಾರಿಗೆ ಅಡ್ಡವಾಗಿ ನಿಂತರು. ಬಡಿದು ತೂರಿದ್ದ ಸಣ್ಣ ಗುಡ್ಡೆಯಿಂದ ಸೇರಿನ ತುಂಬ ಗೋಪುರ ಬರುವ ಹಾಗೆ ಅಳೆದು ನನ್ನ ಬೈಕಿನ ಚೀಲಕ್ಕೆ ಸುರಿದರು. ಎರಡನೆಯ ಸಲವೂ ಹಾಗೆಯೇ. ಮುಗಿಯಿತು ಅಂದುಕೊಂಡು ಚೀಲದ ಬಾಯಿ ಹಿಡಿದೆ. ಆಕೆ ನನ್ನ ಕೈ ಸರಿಸಿ, ಗುಡ್ಡೆಯಿಂದ ಬೊಗಸೆ ತುಂಬ ಎತ್ತಿ, ಅಳತೆಯ ಮೇಲೆ ಅದನ್ನೂ ಹಾಕಿದರು.

"ಕೊಸರು," ಎಂದರು.